ಹಿಂದೆ ಕೂತ ಮಕ್ಕಳನ್ನೂ ಯೋಗದ ಆಟಕ್ಕೆ ಕರೆಯಿರಿ

ಮಾನ್ಯ ಸಂಪಾದಕರೇ,

ಜೂನ್ 21 ಹತ್ತಿರ ಬರುತ್ತಿದೆ. ಶಾಲೆಗಳಲ್ಲಿ ಯೋಗ ದಿನದ ತಯಾರಿ ಆಗಲೇ ಶುರುವಾಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ, ಎಲ್ಲ ಮುಗಿದ ಮೇಲೆ ಬರೆದು ಏನು ಉಪಯೋಗ ಅಲ್ವಾ.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಯೋಗ ಕಲಿಸುವವಳಲ್ಲ. ಮಷಿನ್ ಮುಂದೆ ಬಗ್ಗಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು, ಹಾಗಾಗಿ ಆರು ವರ್ಷದ ಹಿಂದೆ ಪಾರ್ಕಿನಲ್ಲಿ ನಡೆಯುವ ಬೆಳಗಿನ ಯೋಗಕ್ಕೆ ಸೇರಿಕೊಂಡೆ. ಇವತ್ತಿಗೂ ಬಿಟ್ಟಿಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ. ಚೆನ್ನಾಗಿ ಬಗ್ಗುವ ಹತ್ತಿಪ್ಪತ್ತು ಮಕ್ಕಳನ್ನು ವೇದಿಕೆ ಹತ್ತಿಸಿ ಉಳಿದವರನ್ನು ಚಪ್ಪಾಳೆ ತಟ್ಟೋಕೆ ಕೂರಿಸುವುದನ್ನು ಈ ಸಲವಾದರೂ ಬಿಡಿ. ಎಲ್ಲರನ್ನೂ ತಂಡ ಮಾಡಿ ಆಡಿಸಿ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಹೋದ ವರ್ಷ ನನ್ನ ಮಗಳಿಗೆ ಹಾಗೇ ಆಯಿತು. ಅವಳಿಗೆ ಹತ್ತು ವರ್ಷ, ಸ್ವಲ್ಪ ದಪ್ಪ ಮೈ. ಯೋಗ ದಿನಕ್ಕೆ ಅಂತ ಮನೆಯಲ್ಲಿ ಹದಿನೈದು ದಿನ ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಅಭ್ಯಾಸ ಮಾಡಿದ್ದಳು. ಶಾಲೆಯಲ್ಲಿ ಆಯ್ಕೆ ಮಾಡುವ ದಿನ, ಕಾಲು ಚಾಚಿ ಕೂತು ಮಂಡಿಗೆ ಹಣೆ ಮುಟ್ಟಿಸಿ ಅಂದರಂತೆ. ಇವಳಿಗೆ ಮುಟ್ಟಲಿಲ್ಲ. "ನಿಂದು ಬಗ್ಗಲ್ಲ, ನೀನು ಹಿಂದೆ ಕೂತ್ಕೋ, ಜೋರಾಗಿ ಚಪ್ಪಾಳೆ ತಟ್ಟು" ಅಂದರಂತೆ. ಶಾಲೆಯ ಹೆಸರು ಬೇಡ, ಅಂದವರ ಹೆಸರೂ ಬೇಡ, ಅವರೇನೂ ಕೆಟ್ಟವರಲ್ಲ, ಎಷ್ಟೋ ಕಡೆ ನಡೆಯುವುದೇ ಹೀಗೆ. ಆದರೆ ಮಗು ಮನೆಗೆ ಬಂದು ಮಾತಾಡದೆ ಚಾಪೆ ಸುತ್ತಿ ಅಟ್ಟದ ಮೇಲೆ ಎಸೆದಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಎಷ್ಟು ತಿಂಗಳು ಕರೆದರೂ ನನ್ನ ಜೊತೆ ಯೋಗಕ್ಕೆ ಬರಲೇ ಇಲ್ಲ.

ಈ ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳೆಲ್ಲ ಮಧ್ಯಾಹ್ನ ಪೂರ್ತಿ ಮೊಬೈಲ್ ಹಿಡಿದು ಕೂರುತ್ತಿದ್ದರು. ನಮ್ಮೂರಿನ ಏಪ್ರಿಲ್ ಮೇ ಬಿಸಿಲು ಗೊತ್ತಲ್ಲ, ಹೊರಗೆ ಹೋಗಿ ಆಡಿ ಅಂತ ಹೇಳೋಕೂ ಬಾಯಿ ಬರಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಓಣಿಯಲ್ಲಿ ಆರು ನಿಮಿಷವೂ ಆಗುತ್ತಿರಲಿಲ್ಲ. ಹಾಗಾಗಿ ನಾವು ಮೂವರು ತಾಯಂದಿರು ಮಾತಾಡಿಕೊಂಡು, ಭಾನುವಾರ ಬೆಳಿಗ್ಗೆ ಆರೂವರೆಗೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಬರೋಣ, ಸುಮ್ನೆ ಆಟ ಆಡಿಸೋಣ, ಯೋಗದ ಆಟ ಅಂತ ತೀರ್ಮಾನ ಮಾಡಿದೆವು. ಮೊದಲ ವಾರ ಹನ್ನೊಂದು ಮಕ್ಕಳು ಬಂದರು. ಮೂರನೇ ವಾರಕ್ಕೆ ಹದಿನೆಂಟು. ನನ್ನ ಮಗಳು ಮೊದಲ ದಿನ ಬರಲ್ಲ ಅಂದಳು, ಆಮೇಲೆ ಎಣಿಸೋಕೆ ಮಾತ್ರ ಬರ್ತೀನಿ ಅಂತ ಬಂದಳು.

ಆರಾರು ಮಕ್ಕಳ ಮೂರು ತಂಡ. ಹೆಸರು ಅವರೇ ಇಟ್ಟುಕೊಂಡರು: ಬೆಣ್ಣೆ ದೋಸೆ ತಂಡ, ಮಂಡಕ್ಕಿ ತಂಡ, ಓಬವ್ವ ತಂಡ. ನನ್ನ ಹತ್ತಿರ ಬ್ಲೌಸ್ ಪೀಸಿನ ಚೂರುಗಳಿಗೆ ಬರವಿಲ್ಲ, ಕೆಂಪು, ಹಳದಿ, ಹಸಿರು ಪಟ್ಟಿ ಕತ್ತರಿಸಿ ಕೈಗೆ ಕಟ್ಟಿದೆ. ಅಂಕಕ್ಕೆ ಹುಣಸೆ ಬೀಜ. ತಂಡಕ್ಕೊಂದು ಸ್ಟೀಲ್ ಡಬ್ಬಿ, ಬೀಜ ಬಿದ್ದಾಗ ಟಣ್ ಅನ್ನುತ್ತದೆ, ಆ ಸದ್ದಿಗೇ ಮಕ್ಕಳಿಗೆ ಖುಷಿ.

ಆಟಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ಮೊದಲನೆಯದು ತೋಪು. ವೃಕ್ಷಾಸನ ಗೊತ್ತಲ್ಲ, ಒಂದು ಕಾಲಿನ ಮೇಲೆ ಮರದ ಹಾಗೆ ನಿಲ್ಲೋದು. ಅದನ್ನು ಆರು ಜನ ದುಂಡಗೆ ನಿಂತು, ಅಕ್ಕಪಕ್ಕದವರ ಅಂಗೈಗೆ ಅಂಗೈ ಒತ್ತಿ ಮಾಡಬೇಕು. ಇಪ್ಪತ್ತು ಎಣಿಸುವವರೆಗೆ ಯಾರ ಕಾಲೂ ಕೆಳಗೆ ಬರಬಾರದು. ಬಂದರೆ ಯಾರೂ ಔಟ್ ಇಲ್ಲ, ಎಣಿಕೆ ಮತ್ತೆ ಒಂದರಿಂದ ಶುರು, ಅಷ್ಟೇ. ಮೊದಲ ದಿನ ಯಾವ ತಂಡವೂ ಐದು ದಾಟಲಿಲ್ಲ. ಒಬ್ಬ ಜೋರಾಗಿ ತಳ್ಳುತ್ತಾನೆ, ಪಕ್ಕದವಳು ವಾಲುತ್ತಾಳೆ, ಅವಳು ಬಿದ್ದರೆ ಇಡೀ ತೋಪೇ ಅಲ್ಲಾಡುತ್ತದೆ. ಎರಡನೇ ವಾರದ ಹೊತ್ತಿಗೆ ಅವರೇ ಕಂಡುಕೊಂಡರು: ಪಕ್ಕದವರು ಎಷ್ಟು ಒತ್ತುತ್ತಾರೋ ಅಷ್ಟೇ ನಾವೂ ಒತ್ತಬೇಕು, ಹೆಚ್ಚಾದರೂ ಬೀಳುತ್ತೇವೆ, ಕಡಿಮೆ ಆದರೂ ಬೀಳುತ್ತೇವೆ. ಇದನ್ನು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣನ್ನು ಒಂದೇ ಕಡೆ ನೆಟ್ಟರೆ ನಿಲ್ಲೋಕೆ ಸುಲಭ ಅಂತ ಮಾತ್ರ ಹೇಳಿದ್ದೆವು. ಇಪ್ಪತ್ತು ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ ಅಂದೆವು. ಅಬ್ಬಾ, ಎಲ್ಲರೂ ಧೊಪ್ ಧೊಪ್. ಮೈ ತೂಕ ಸರಿಯಾಗಿ ಹಿಡಿಯೋಕೆ ಕಣ್ಣು ಬೇಕು, ಕಿವಿಯ ಒಳಭಾಗ ಬೇಕು, ಪಾದ ಮತ್ತು ಮಾಂಸಖಂಡದಿಂದ ಬರುವ ಅರಿವು ಬೇಕು. ಕಣ್ಣು ಮುಚ್ಚಿದರೆ ಉಳಿದವು ಎರಡೇ. ಆದರೆ ಅಂಗೈ ಒತ್ತಿಕೊಂಡು ನಿಂತಾಗ ಪಕ್ಕದವರ ಕೈಯಿಂದಲೂ ಸುದ್ದಿ ಸಿಗುತ್ತಿರುತ್ತದೆ, ಎಡಕ್ಕೆ ವಾಲಿದ್ದೀನಾ ಬಲಕ್ಕೆ ವಾಲಿದ್ದೀನಾ ಅಂತ. ಒಬ್ಬೊಬ್ಬರೇ ಕಣ್ಣು ಮುಚ್ಚಿ ನಾಲ್ಕು ಎಣಿಕೆ ನಿಲ್ಲಲಾರದ ಮಕ್ಕಳು ತೋಪಿನಲ್ಲಿ ಹನ್ನೆರಡು ಎಣಿಕೆ ನಿಂತರು.

ನನ್ನ ಮಗಳ ವಿಷಯ ಇಲ್ಲೇ ಹೇಳಬೇಕು. ಬೆಣ್ಣೆ ದೋಸೆ ತಂಡದಲ್ಲಿ ಒಂದು ದಿನ ಒಬ್ಬ ಹುಡುಗ ಬಂದಿರಲಿಲ್ಲ, ಬಾ ಬಾ ಅಂತ ಇವಳನ್ನು ಎಳೆದುಕೊಂಡರು. ನಿಂತಳು ನೋಡಿ, ಕಂಬದ ಹಾಗೆ. ಆ ಕಡೆ ಒಬ್ಬಳು ಸಣಕಲಿ, ಈ ಕಡೆ ಒಬ್ಬ ಎರಡನೇ ಕ್ಲಾಸಿನ ಪುಟಾಣಿ, ಇಬ್ಬರೂ ಇವಳ ಅಂಗೈ ಸಿಕ್ಕಿದ ಕೂಡಲೇ ಅಲ್ಲಾಡೋದು ನಿಲ್ಲಿಸಿದರು. ಮುಂದಿನ ಭಾನುವಾರ ತಂಡ ಮಾಡುವಾಗ "ಆಂಟಿ, ನನ್ನ ಪಕ್ಕ ಅವಳೇ ಬೇಕು" ಅಂತ ಮೂರು ಮಕ್ಕಳು ಜಗಳಕ್ಕೇ ನಿಂತರು. ಮಂಡಿಗೆ ಹಣೆ ಇವತ್ತಿಗೂ ಮುಟ್ಟಲ್ಲ ಅವಳಿಗೆ. ಅವತ್ತು ಮನೆಗೆ ಬಂದವಳೇ ಸ್ಟೂಲ್ ಹಾಕಿಕೊಂಡು ಅಟ್ಟದಿಂದ ಚಾಪೆ ಇಳಿಸಿದಳು.

ಎರಡನೇ ಆಟ ದುಂಬಿ. ಭ್ರಾಮರಿ ಮಾಡುವಾಗ ಬಾಯಿ ಮುಚ್ಚಿ "ಮ್‌ಮ್‌ಮ್" ಅಂತ ಗುಂಯ್‌ಗುಡುತ್ತೇವಲ್ಲ, ಅದು. ಯಾರು ಜಾಸ್ತಿ ಹೊತ್ತು ಎಳೆಯುತ್ತಾರೆ ಅಂತ ಪಂದ್ಯ ಇಡೋದು ಬೇಡ ಅಂತ ನಾವು ಮೊದಲೇ ನಿರ್ಧಾರ ಮಾಡಿದ್ದೆವು, ಯಾಕೆಂದರೆ ಮಕ್ಕಳು ಗೆಲ್ಲಬೇಕು ಅಂತ ಉಸಿರು ಕಟ್ಟಿ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ. ಅದರ ಬದಲು ತಂಡದ ಸದ್ದು ಕಡಿಯಬಾರದು ಅಂತ ನಿಯಮ. ಒಬ್ಬರ ಉಸಿರು ಮುಗಿಯುವ ಮೊದಲು ಇನ್ನೊಬ್ಬರು ಶುರು ಮಾಡಬೇಕು. ಯಾರೂ ಎಳೆಯಬೇಕಾಗಿಲ್ಲ, ಸಾಕು ಅನಿಸಿದ ತಕ್ಷಣ ಬಿಡಬಹುದು, ಉಳಿದವರು ಹಿಡಿದುಕೊಳ್ಳುತ್ತಾರೆ. ಹೀಗೆ ಓಬವ್ವ ತಂಡದ ಸದ್ದು ಎರಡು ನಿಮಿಷದ ಮೇಲೆ ಕಡಿಯದೆ ಹೋಯಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಆ ತಂಡದ ನಾಯಕ ಆಗಿದ್ದ, ಯಾರು ಯಾವಾಗ ಶುರು ಮಾಡಬೇಕು ಅಂತ ಬೆರಳು ತೋರಿಸುತ್ತಿದ್ದ. ವಾಕಿಂಗ್ ಬಂದವರೆಲ್ಲ ನಿಂತು ಕೇಳಿದರು.

ಮೂರನೆಯದು ಸುರಂಗ. ಐದು ಮಕ್ಕಳು ಸಾಲಾಗಿ ಪರ್ವತಾಸನದಲ್ಲಿ, ಅಂದರೆ ಕೈ ಕಾಲು ಊರಿ ಸೊಂಟ ಮೇಲೆತ್ತಿ ನಿಲ್ಲೋದು. ಆರನೆಯ ಮಗು ಅವರ ಹೊಟ್ಟೆಯ ಕೆಳಗೆ ಅಂಬೆಗಾಲಿಟ್ಟು ಆ ಕಡೆ ಹೋಗಿ ತಾನೂ ಸುರಂಗ ಆಗಬೇಕು, ಆಮೇಲೆ ಹಿಂದಿನವರು. ಬೇವಿನ ಮರದಿಂದ ನೀರಿನ ನಲ್ಲಿವರೆಗೆ ರೈಲು ಹೋಗಬೇಕು. ಇದರಲ್ಲಿ ನಾವು ಒಂದು ತಪ್ಪು ಮಾಡಿದೆವು, ಅದನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಮಳೆ ಬಂದು ಪಾರ್ಕೆಲ್ಲ ಕೆಸರಾಗಿತ್ತು ಅಂತ ಒಬ್ಬರ ಮನೆ ತಾರಸಿ ಮೇಲೆ ಜಮಖಾನ ಹಾಸಿ ಆಡಿಸಿದೆವು. ಸಿಮೆಂಟಿನ ಮೇಲೆ ಜಮಖಾನ ಜಾರಿತು, ಒಬ್ಬ ಹುಡುಗನ ಗದ್ದ ಒಡೆದು ಎರಡು ಹೊಲಿಗೆ ಬಿತ್ತು. ಆ ತಾಯಿ ನಮಗೆ ಒಂದು ಮಾತೂ ಅನ್ನಲಿಲ್ಲ, ಅದಕ್ಕೇ ನನಗೆ ಇನ್ನೂ ಸಂಕಟ. ಹುಲ್ಲಿನ ಮೇಲೆ ಆಡಿಸಿ, ಇಲ್ಲದಿದ್ದರೆ ಜಾರದ ಚಾಪೆ ಬೇಕೇ ಬೇಕು. ನುಣುಪು ನೆಲದ ಮೇಲೆ ಜಮಖಾನ ಹಾಸಬೇಡಿ.

ನಾಲ್ಕನೆಯದು ಅಕ್ಷರ. ನಾನು ಒಂದು ಕನ್ನಡ ಅಕ್ಷರವನ್ನು ಕಿವಿಯಲ್ಲಿ ಹೇಳುತ್ತೇನೆ, ತಂಡ ಅದನ್ನು ಮೈಯಿಂದ ಬರೆಯಬೇಕು, ಬೇರೆ ತಂಡ ಗುರುತು ಹಿಡಿಯಬೇಕು. "ಗ" ಸುಲಭ, ಪರ್ವತಾಸನದಲ್ಲಿ ಒಂದು ಮಗು ನಿಂತರೆ ಅರ್ಧ "ಗ" ಆಗಿಯೇ ಹೋಯಿತು. "ಣ" ಬಂದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ರಜೆಯ ಕೊನೆಯ ಭಾನುವಾರ ಮೂರು ತಂಡವೂ ಸೇರಿ ಹುಲ್ಲಿನ ಮೇಲೆ ಮಲಗಿ, ಬಗ್ಗಿ, ಧನುರಾಸನದ ಹಾಗೆ ಬಿಲ್ಲಾಗಿ "ದಾವಣಗೆರೆ" ಅಂತ ಬರೆದರು. "ಣ" ಒಂದಕ್ಕೇ ಐದು ಮಕ್ಕಳು ಬೇಕಾದರು. ಎದುರು ಮನೆಯ ಮಹಡಿಯಿಂದ ಫೋಟೋ ತೆಗೆದರು. "ರೆ"ಯ ಎತ್ವ ಸ್ವಲ್ಪ ಸೊಟ್ಟ ಬಂದಿದೆ, ಆದರೂ ಓದೋಕೆ ಬರುತ್ತದೆ.

ತಂಡದ ಆಟದಲ್ಲಿ ಎಲ್ಲವೂ ತಾನೇ ಸರಿಹೋಗುತ್ತದೆ ಅಂತ ನಾನು ಹೇಳಲ್ಲ. ಮೊದಲ ಎರಡು ವಾರ "ನಿನ್ನಿಂದಾನೇ ಸೋತ್ವಿ" ಅನ್ನುವ ಮಾತು ಬಂದೇ ಬಂತು. ಒಬ್ಬಳು ಅತ್ತೂ ಬಿಟ್ಟಳು. ಒಬ್ಬರೇ ಸೋಲುವುದಕ್ಕಿಂತ ಐದು ಜನರ ಎದುರು ತಪ್ಪಿತಸ್ಥೆಯಾಗಿ ನಿಲ್ಲೋದು ಇನ್ನೂ ಕಷ್ಟ ಅಲ್ವಾ. ಅದಕ್ಕೆ ಮೂರು ಬದಲಾವಣೆ ಮಾಡಿದೆವು. ವೃಕ್ಷಾಸನದಲ್ಲಿ ಪಾದವನ್ನು ಹರಡಿನ ಹತ್ತಿರ ಇಟ್ಟರೂ ಸರಿ, ಮೀನಖಂಡಕ್ಕೆ ಇಟ್ಟರೂ ಸರಿ, ತೊಡೆಗೆ ಇಟ್ಟರೂ ಸರಿ, ಅಂಕ ಒಂದೇ. ಮಂಡಿಯ ಮೇಲೆ ಮಾತ್ರ ಒತ್ತಬಾರದು, ಕೀಲಿಗೆ ಒಳ್ಳೆಯದಲ್ಲ. ಎಲ್ಲಿಡೋದು ಅಂತ ತಂಡ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಜಾಣ ತಂಡಗಳು ಕೆಳಗೇ ಇಟ್ಟುಕೊಂಡು ಆರಾಮಾಗಿ ಇಪ್ಪತ್ತು ಎಣಿಸಿಕೊಂಡವು, ಜಂಬ ಮಾಡಿ ತೊಡೆಗೇ ಇಡ್ತೀವಿ ಅಂದವರು ಮೂರಕ್ಕೇ ಬಿದ್ದರು. ಎರಡನೆಯದು, ಪ್ರತಿ ಭಾನುವಾರ ಚೀಟಿ ಎತ್ತಿ ತಂಡ ಬದಲಾಯಿಸೋದು. ಹೋದ ವಾರ ಬೈದವನ ಪಕ್ಕದಲ್ಲೇ ಈ ವಾರ ನಿಲ್ಲಬೇಕಾಗಿ ಬಂದರೆ ನಾಲಿಗೆ ತಾನೇ ಮೆತ್ತಗಾಗುತ್ತದೆ. ಪಕ್ಕ ಅವಳೇ ಬೇಕು, ಇವನೇ ಬೇಕು ಅನ್ನೋ ಜಗಳಕ್ಕೂ ಚೀಟಿಯೇ ಮದ್ದಾಯಿತು. ಮೂರನೆಯದು, ಬಿದ್ದವರನ್ನು ನೋಡಿ ನಕ್ಕರೆ ನಕ್ಕ ತಂಡದ ಡಬ್ಬಿಯಿಂದ ಒಂದು ಬೀಜ ವಾಪಸ್. ಬಿದ್ದವರು ತಾವೇ ನಕ್ಕರೆ ಪರವಾಗಿಲ್ಲ. ಈ ಕೊನೆಯ ನಿಯಮ ಮಾಡಿದ್ದು ಮಕ್ಕಳೇ.

ಒಬ್ಬರು ತಾಯಿ, ನಮ್ಮ ಪಕ್ಕದ ಓಣಿಯವರು, ಮಗನನ್ನು ಕಳಿಸುವ ಮೊದಲು ನನ್ನ ಹತ್ತಿರ ಬಂದು "ಅಕ್ಕ, ಅಲ್ಲಿ ಶ್ಲೋಕ ಹೇಳಿಸ್ತೀರಾ, ನಮ್ಮ ಮನೇಲಿ ಕೇಳ್ತಿದಾರೆ" ಅಂದರು. ಇಲ್ಲಮ್ಮ, ಎಣಿಕೆ ಮಾತ್ರ ಅಂದೆ. ಹೇಳುವವರು ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಆ ಮೇಲೆ ಎಣಿಕೆಯನ್ನೇ ಒಂದೊಂದು ಸುತ್ತಿಗೆ ಒಬ್ಬೊಬ್ಬರ ಮನೆಯ ಮಾತಿನಲ್ಲಿ ಮಾಡೋಣ ಅಂತ ಬಂತು. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು, ತೆಲುಗಿನಲ್ಲಿ ಒಂದು, ತಾಂಡಾದಿಂದ ಬಂದು ನೆಂಟರ ಮನೆಯಲ್ಲಿ ಓದುವ ಒಬ್ಬಳು ಲಂಬಾಣಿಯಲ್ಲಿ. ಈಗ ಹದಿನೆಂಟು ಮಕ್ಕಳಿಗೂ ನಾಲ್ಕು ಭಾಷೆಯಲ್ಲಿ ಇಪ್ಪತ್ತರವರೆಗೆ ಬರುತ್ತದೆ.

ನಮ್ಮ ಬೆಳಗಿನ ತರಗತಿಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ನನಗೆ ಸೊಂಟ ನೆಟ್ಟಗೆ ಮಾಡಿಕೊಟ್ಟವರೇ ಅವರು. "ಯೋಗ ಆಟ ಅಲ್ಲ ನೋಡಮ್ಮ, ಅದು ಸಾಧನೆ, ಅದಕ್ಕೆ ಅಂಕ ಹಾಕಬಾರದು" ಅಂದರು. ಅವರ ಮಾತಿನಲ್ಲಿ ನಿಜ ಇದೆ, ನಾನು ಅದನ್ನು ತಳ್ಳಿಹಾಕಲ್ಲ. ಆದರೆ ನಾನು ಅವರಿಗೆ ಹೇಳಿದ್ದು ಇದು: ಸರ್, ಆಸನಗಳ ಹೆಸರೇ ನೋಡಿ, ಹಾವು, ಮೀನು, ಮಿಡತೆ, ಬಕ, ಒಂಟೆ, ನವಿಲು, ಸಿಂಹ, ಕೋಳಿ, ಆಮೆ. ಇಷ್ಟೆಲ್ಲ ಪ್ರಾಣಿ ಇರೋ ಜಾಗಕ್ಕೆ ಮಕ್ಕಳನ್ನು ಬಿಟ್ಟರೆ ಅವು ಆಡದೇ ಇರ್ತಾವಾ? ಆಡುತ್ತಾ ಬಂದವರಲ್ಲಿ ಯಾರೋ ಒಬ್ಬರು ಮುಂದೆ ಸಾಧನೆಗೂ ಕೂರಬಹುದು. ಸಿಂಹಾಸನದಲ್ಲಿ ನಾಲಿಗೆ ಹೊರಗೆ ಚಾಚಿ ಘರ್ಜಿಸಿ ಅಂದರೆ ಅಳುತ್ತಿರುವ ಮಗುವೂ ನಗುತ್ತದೆ. ಅವರು ಒಪ್ಪಲಿಲ್ಲ, ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಒಂದು ಮಾತು ಹೇಳಿಕೊಟ್ಟರು, ಕೊನೆಯ ಶವಾಸನಕ್ಕೆ ಮಾತ್ರ ಅಂಕ ಬೇಡ, ಯಾರು ಅಲ್ಲಾಡದೆ ಮಲಗ್ತಾರೆ ಅಂತ ಪಂದ್ಯ ಬೇಡ, ಅಷ್ಟು ಹೊತ್ತಾದರೂ ಮಗು ಗೆಲ್ಲೋ ಯೋಚನೆ ಬಿಟ್ಟು ಮಲಗಲಿ ಅಂತ. ಅವತ್ತಿನಿಂದ ಐದು ನಿಮಿಷ ಡಬ್ಬಿಗಳನ್ನು ಚೀಲದಲ್ಲಿ ಹಾಕಿ ಮುಚ್ಚಿಡುತ್ತೇವೆ. ಬೀಜದ ಸದ್ದು ನಿಂತ ಮೇಲೆ ಪಾರ್ಕಿನ ಗುಬ್ಬಿ, ಮೈನಾ ಸದ್ದು ಕೇಳುತ್ತದೆ. ಮಕ್ಕಳಿಗೆ ಅದು ಇಷ್ಟ ಆಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಯೋಗದ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಹಕ್ಕೇ ಇದೆ ಅಂತ ನನಗೆ ಅನಿಸುತ್ತದೆ. ಇವತ್ತು ಜಗತ್ತೆಲ್ಲ ಮಾಡುವ ಆಸನಗಳನ್ನು ಕಲಿಸಿದ ದೊಡ್ಡ ಗುರುಗಳಲ್ಲಿ ಒಬ್ಬರಾದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು ಯೋಗಶಾಲೆ ನಡೆಸಿದರು, ಹುಡುಗರಿಗೆ ಕಲಿಸಿದರು. ಕೆ. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಇವರೆಲ್ಲ ಅವರ ಶಿಷ್ಯರೇ.

ಅಯ್ಯಂಗಾರ್ ಅವರ ಬಾಲ್ಯವನ್ನು ಪ್ರತಿ ಶಾಲೆಯ ಯೋಗ ಆಯ್ಕೆಯ ದಿನ ಒಮ್ಮೆ ನೆನಪಿಸಿಕೊಳ್ಳಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಆ ಹುಡುಗನಿಗೆ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಹೋಗಿತ್ತು. ಕೈಕಾಲು ಕಡ್ಡಿ, ಮೈ ಬಿಗಿ. ಕೃಷ್ಣಮಾಚಾರ್ಯರು ಆತನಿಗೆ ಅಕ್ಕನ ಗಂಡ, ಆದರೂ ಶುರುವಿನಲ್ಲಿ ಗುರುಗಳಿಗೇ ಈ ಹುಡುಗನ ಮೇಲೆ ಅಂಥ ಭರವಸೆ ಇರಲಿಲ್ಲ. ಅಂಥವರು ಮುಂದೆ ಹಗ್ಗ, ಪಟ್ಟಿ, ಮರದ ತುಂಡು, ಕುರ್ಚಿ ಎಲ್ಲ ಬಳಸಿ ಬಗ್ಗದ ಮೈಯವರಿಗೂ, ವಯಸ್ಸಾದವರಿಗೂ, ಕಾಯಿಲೆಯವರಿಗೂ ಆಸನ ಸಿಗುವ ಹಾಗೆ ಮಾಡಿದರು. ನಾನೂ ಅದನ್ನು ನೋಡಿಯೇ ಹಳೆಯ ಲುಂಗಿ ಬಟ್ಟೆ ಮಡಚಿ ಹೊಲಿದು ಉದ್ದನೆಯ ಪಟ್ಟಿ ಮಾಡಿದ್ದೇನೆ. ಪಾದಕ್ಕೆ ಹಾಕಿ ಕೈಯಲ್ಲಿ ಹಿಡಿದುಕೊಂಡರೆ ಕೈ ಮುಟ್ಟದ ಮಗುವಿಗೂ ಬೆನ್ನು ನೆಟ್ಟಗೆ ಇಟ್ಟುಕೊಂಡು ಮುಂದೆ ಬಗ್ಗೋಕೆ ಬರುತ್ತದೆ. ಒಂದು ಪಟ್ಟಿಗೆ ಹತ್ತು ನಿಮಿಷದ ಕೆಲಸ. ಯಾವ ಶಾಲೆಗೆ ಬೇಕಾದರೂ ಬಟ್ಟೆ ಕಳಿಸಿದರೆ ಹೊಲಿದು ಕೊಡುತ್ತೇನೆ, ದುಡ್ಡು ಬೇಡ.

ಇನ್ನು ಮಲ್ಲಾಡಿಹಳ್ಳಿ. ಹೊಳಲ್ಕೆರೆ ತಾಲ್ಲೂಕಿನ ಆ ಊರಿನಲ್ಲಿ ರಾಘವೇಂದ್ರ ಸ್ವಾಮೀಜಿ ಅನಾಥಸೇವಾಶ್ರಮ ಕಟ್ಟಿದರು, ಊರೂರು ತಿರುಗಿ ಯೋಗ, ವ್ಯಾಯಾಮ ಕಲಿಸಿದರು, ಆಯುರ್ವೇದದ ಔಷಧಿ ಕೊಟ್ಟರು. "ತಿರುಕ" ಅಂತ ಹೆಸರಿಟ್ಟುಕೊಂಡು ಬರೆದರು. 1996ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ನಮ್ಮ ಅಪ್ಪ ಚಿಕ್ಕವರಿದ್ದಾಗ ಅಲ್ಲಿನ ಶಿಬಿರಕ್ಕೆ ಹೋಗಿದ್ದನ್ನು ಈಗಲೂ ಹೇಳುತ್ತಾರೆ, ಹಳ್ಳಿ ಹುಡುಗರೆಲ್ಲ ಬಯಲಲ್ಲಿ ಸಾಲಾಗಿ ನಿಂತು ಒಟ್ಟಿಗೆ ಸೂರ್ಯನಮಸ್ಕಾರ ಹಾಕುತ್ತಿದ್ದರಂತೆ, ನೀನು ಬೇಡ ಅಂತ ಯಾರನ್ನೂ ಬದಿಗೆ ಕೂರಿಸಿದ್ದು ಅಪ್ಪನಿಗೆ ನೆನಪಿಲ್ಲ.

ನಾನು ಸ್ಪರ್ಧೆಗೇ ವಿರೋಧಿ ಅಂತ ಯಾರೂ ತಿಳಿಯಬೇಡಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಅಂತ ಮಾನ್ಯ ಮಾಡಿತು, ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಅದು ಸೇರಿದೆ. ಅದರಲ್ಲಿ ಜೋಡಿಯಾಗಿ, ಗುಂಪಾಗಿ ಮಾಡುವ ವಿಭಾಗಗಳೂ ಇವೆ. ಮೈಯನ್ನು ರಬ್ಬರಿನ ಹಾಗೆ ಬಳುಕಿಸುವ ಮಕ್ಕಳು ಅಲ್ಲಿಗೆ ಹೋಗಲಿ, ಗೆಲ್ಲಲಿ, ನಮ್ಮ ಜಿಲ್ಲೆಗೆ ಹೆಸರು ತರಲಿ. ಆ ಮಕ್ಕಳ ಶ್ರಮ ಏನು ಕಡಿಮೆಯದಾ. ಆದರೆ ಕ್ರೀಡಾಕೂಟದ ಅಳತೆಗೋಲನ್ನು ಶಾಲೆಯ ಅಂಗಳಕ್ಕೆ ತಂದು ನೂರು ಮಕ್ಕಳಲ್ಲಿ ಎಂಬತ್ತು ಜನರನ್ನು ಕೂರಿಸುವುದು ಸರಿಯಲ್ಲ. ಖೋ ಖೋ ನೋಡಿ, ಅಲ್ಲಿ ಸಾಲಿನಲ್ಲಿ ಕೂತವರೂ ಆಟದಲ್ಲೇ ಇರುತ್ತಾರೆ, ಯಾವ ಕ್ಷಣ ಬೆನ್ನಿಗೆ ಕೈ ತಾಗಿ "ಖೋ" ಅಂತ ಕೇಳುತ್ತೋ ಅಂತ ಕಾಯುತ್ತಾ ಇರುತ್ತಾರೆ.

ಈಗ ನನ್ನ ಕೋರಿಕೆಗಳು. ಶಾಲೆಯವರಿಗೆ: ಜೂನ್ 21ರ ಬೆಳಿಗ್ಗೆ ಸರ್ಕಾರದ ಸಾಮಾನ್ಯ ಯೋಗ ಶಿಷ್ಟಾಚಾರ, ಅಂದರೆ ಎಲ್ಲರೂ ಒಟ್ಟಿಗೆ ಮಾಡುವ ಗೊತ್ತುಮಾಡಿದ ಯೋಗದ ಕ್ರಮ, 45 ನಿಮಿಷ ಇದ್ದೇ ಇರುತ್ತದೆ, ಅದು ಮುಗಿದ ಮೇಲೆ ಭಾಷಣದ ಹೊತ್ತಿನಲ್ಲಿ ಅರ್ಧ ಗಂಟೆ ಕಡಿಮೆ ಮಾಡಿ ಮಕ್ಕಳನ್ನು ಆರಾರು ಜನರ ತಂಡ ಮಾಡಿ ಬಿಡಿ. ತೋಪು, ದುಂಬಿ ಈ ಎರಡೇ ಆಟಕ್ಕೆ ಒಂದು ಪೈಸೆ ಖರ್ಚಿಲ್ಲ. ಚಿಕ್ಕ ಮಕ್ಕಳಿಗೆ ಶೀರ್ಷಾಸನ ಮಾಡಿಸಬೇಡಿ, ಎಳೆಯ ಕತ್ತಿನ ಮೇಲೆ ಮೈಭಾರ ಬೀಳಬಾರದು. ಬೆನ್ನ ಮೇಲೆ ಕೂತು ಒತ್ತಿ ಬಗ್ಗಿಸಬೇಡಿ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳೆಯುವ ಮೂಳೆ, ಬಲವಂತ ಬೇಡ. ತಿಂಡಿ ತಿಂದು ಬಂದ ಮಕ್ಕಳಿಗೆ ಬಗ್ಗುವ ಆಸನ ಬೇಡ, ತಿಂಡಿ ಆಮೇಲೆ ಕೊಡಿ.

ಮಹಾನಗರ ಪಾಲಿಕೆಯವರಿಗೆ: ಪಾರ್ಕುಗಳಲ್ಲಿ ಹುಲ್ಲಿನ ಮೇಲೆ ಕಾಲಿಡಬೇಡಿ ಅನ್ನೋ ಬೋರ್ಡು ಹಾಕಿದ್ದೀರಿ, ಹುಲ್ಲು ಉಳಿಯಬೇಕು ನಿಜ. ಭಾನುವಾರ ಬೆಳಿಗ್ಗೆ ಒಂದು ಗಂಟೆ, ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆಯ ಅಂಗಳದಂಥ ಜಾಗದಲ್ಲಿ ತಿಂಗಳಿಗೊಮ್ಮೆ ಬಡಾವಣೆ ಬಡಾವಣೆಗಳ ನಡುವೆ ಇಂಥ ಆಟ ಇಟ್ಟರೆ ಎಷ್ಟು ಚೆನ್ನ. ವಿದ್ಯಾನಗರದ ತಂಡ, ವಿನೋಬನಗರದ ತಂಡ, ಆಜಾದ್ ನಗರದ ತಂಡ, ಕೆಟಿಜೆ ನಗರದ ತಂಡ ಒಂದೇ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಕೈ ಹಿಡಿದು ನಿಂತಿದ್ದನ್ನು ನೋಡಬೇಕು ಅಂತ ನನಗೆ ತುಂಬಾ ಆಸೆ.

ಸಂಪಾದಕರೇ, ನಿಮಗೂ ಒಂದು ಮಾತು. ಪ್ರತಿ ವರ್ಷ ಜೂನ್ 22ರ ಪತ್ರಿಕೆಗಳಲ್ಲಿ ಒಂದೇ ಥರದ ಚಿತ್ರ ಬರುತ್ತದೆ, ಹಿಂದಕ್ಕೆ ಬಗ್ಗಿ ತಲೆಯನ್ನು ಪಾದಕ್ಕೆ ತಾಗಿಸಿದ ಒಬ್ಬ ಹುಡುಗಿ, ಇಲ್ಲವೇ ಒಬ್ಬ ಹುಡುಗ. ನೋಡೋಕೆ ಚೆನ್ನಾಗಿರುತ್ತದೆ, ಹಾಕಬೇಡಿ ಅನ್ನಲ್ಲ. ಅದರ ಪಕ್ಕದಲ್ಲಿ ಈ ಸಲ ಇನ್ನೊಂದು ಚಿತ್ರ ಹಾಕಿ. ದುಂಡಗೆ ನಿಂತ, ಒಬ್ಬರಿಗೊಬ್ಬರು ಅಂಗೈ ಒತ್ತಿದ, ಅರ್ಧ ಬೀಳುತ್ತಾ ಅರ್ಧ ನಗುತ್ತಾ ಇರುವ ಮಕ್ಕಳ ಚಿತ್ರ. ಅದನ್ನು ನೋಡಿದ ಯಾವುದೋ ದಪ್ಪ ಮಗು, ಯಾವುದೋ ಗಟ್ಟಿ ಮೈಯ ಮಗು, ಇದು ನನಗೂ ಬರುತ್ತದೆ ಅಂತ ಅಂದುಕೊಳ್ಳಲಿ.

ಶಾಲೆ ಶುರುವಾದರೂ ನಾವು ಭಾನುವಾರದ ಆಟ ನಿಲ್ಲಿಸಿಲ್ಲ. ಬೆಳಿಗ್ಗೆ ಆರೂವರೆಗೆ ನಿಟುವಳ್ಳಿಯಲ್ಲೇ ಆಡುತ್ತೇವೆ, ಬೇವಿನ ಮರದ ಕೆಳಗೆ ಕೆಂಪು ಹಳದಿ ಹಸಿರು ಪಟ್ಟಿ ಕಂಡರೆ ಅದು ನಾವೇ. ಒಂದು ಮಗು ಅಜ್ಜಿ ಊರಿಗೆ ಹೋಗಿ ಅಲ್ಲೇ ಶಾಲೆಗೆ ಸೇರಿದ್ದರಿಂದ ಮಂಡಕ್ಕಿ ತಂಡಕ್ಕೆ ಒಬ್ಬರು ಕಡಿಮೆ ಇದ್ದಾರೆ. ಯಾರ ಮನೆಯಲ್ಲಾದರೂ ಆರರಿಂದ ಹದಿಮೂರು ವರ್ಷದ ಮಕ್ಕಳಿದ್ದರೆ ಕಳಿಸಿ. ಬರುವಾಗ ಖಾಲಿ ಹೊಟ್ಟೆಯಲ್ಲಿ ಬರಲಿ, ಆಟ ಮುಗಿದು ಶವಾಸನ ಆದ ಮೇಲೆ ಎಲ್ಲರಿಗೂ ಒಗ್ಗರಣೆ ಮಂಡಕ್ಕಿ ಇರುತ್ತದೆ.

– ಒಬ್ಬ ತಾಯಿ,
ನಿಟುವಳ್ಳಿ, ದಾವಣಗೆರೆ